ಪೆಟ್ಟಿಗೆಯೊಳಗೆ ಪೆಟ್ಟಿಗೆ: ಪುಟದ ವಿನ್ಯಾಸ ಕೆಟ್ಟಾಗ ಎಲ್ಲಿಂದ ಸರಿಪಡಿಸಬೇಕು?

ಪ್ರಶ್ನೆ: ನಮ್ಮ ಸಂಸ್ಥೆಯ ಜಾಲತಾಣವನ್ನು ವರ್ಡ್‌ಪ್ರೆಸ್‌ನಲ್ಲಿ ಬ್ಲಾಕ್ ಥೀಮ್ (ಬ್ಲಾಕ್ ಎಂಬ ತುಂಡುಗಳಿಂದ ಇಡೀ ಪುಟವನ್ನು ಜೋಡಿಸುವ ವಿನ್ಯಾಸ) ಬಳಸಿ ಕಟ್ಟಿದ್ದೇವೆ. ಪುಟಗಳ ಅಚ್ಚಾದ ಟೆಂಪ್ಲೇಟ್‌ನಲ್ಲಿ ಬೇರೆ ಬ್ಲಾಕ್‌ಗಳನ್ನು ಹಿಡಿದಿಡುವ ಒಂದು ಗ್ರೂಪ್, ಅದರೊಳಗೆ ಪುಟದ ವಿಷಯ, ವಿಷಯದೊಳಗೆ ಕಾಲಮ್‌ಗಳು, ಕೆಲವು ಕಾಲಮ್‌ಗಳೊಳಗೆ ಮತ್ತೆ ಕಾಲಮ್‌ಗಳು ಇವೆ. ‘ಫುಲ್ ವಿಡ್ತ್’ ಆರಿಸಿದ ಚಿತ್ರ ಪರದೆಯ ಅಂಚನ್ನು ಮುಟ್ಟುವುದೇ ಇಲ್ಲ. ಟ್ಯಾಬ್ಲೆಟ್‌ನಲ್ಲಿ ಒಳಗಿನ ಕಾಲಮ್‌ಗಳು ಓದಲಾಗದಷ್ಟು ಕಿರಿದಾಗುತ್ತವೆ. ಎರಡು ಪುಟಗಳಲ್ಲಿ ಪುಟದ ಅಡಿಪಟ್ಟಿಯಾದ ಫೂಟರ್ ಹೋಗಿ ಪಕ್ಕದ ಕಾಲಮ್‌ನೊಳಗೆ ಸೇರಿಕೊಂಡಿದೆ, ಆದರೆ ಎಡಿಟರ್‌ನಲ್ಲಿ ಅದೇ ಪುಟ ಸರಿಯಾಗಿ ಕಾಣುತ್ತದೆ. ಸಿಎಸ್‌ಎಸ್ (ಪುಟದ ರೂಪವನ್ನು ಹೇಳುವ ಸಂಕೇತ) ಸೇರಿಸಿ ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತದೆ. ಎಲ್ಲವನ್ನೂ ಅಳಿಸಿ ಹೊಸದಾಗಿ ಕಟ್ಟುವುದೇ ಒಳ್ಳೆಯದೇ?

ಉತ್ತರ: ಅಳಿಸಬೇಡಿ. ನೀವು ಹೇಳಿದ ಮೂರೂ ತೊಂದರೆಗಳಿಗೆ ಬೇರೆ ಬೇರೆ ಕಾರಣಗಳಿವೆ, ಮೂರೂ ಪತ್ತೆಯಾಗುವಂಥವು. ಸಿಎಸ್‌ಎಸ್ ಸೇರಿಸಿದಷ್ಟೂ ಗೋಜಲು ಹೆಚ್ಚುತ್ತಿರುವುದಕ್ಕೂ ಕಾರಣವಿದೆ: ಪ್ರತಿ ಬ್ಲಾಕ್ ಒಂದು ಪೆಟ್ಟಿಗೆ ಎಂದುಕೊಳ್ಳಿ; ತೊಂದರೆ ಕಾಣುವುದು ಒಳಗಿನ ಪೆಟ್ಟಿಗೆಯಲ್ಲಿ, ಅದು ಹುಟ್ಟುವುದು ಹೊರಗಿನ ಯಾವುದೋ ಪೆಟ್ಟಿಗೆಯಲ್ಲಿ. ಚಿತ್ರ ಅಂಚಿಗೆ ಹೋಗುತ್ತಿಲ್ಲವೆಂದು ಚಿತ್ರಕ್ಕೇ ಸಿಎಸ್‌ಎಸ್ ಬರೆಯುತ್ತೇವೆ. ತಪ್ಪಿತಸ್ಥ ಪೆಟ್ಟಿಗೆ ಎರಡು ಮೂರು ಹಂತ ಮೇಲೆ ಹಾಗೆಯೇ ಉಳಿದಿರುತ್ತದೆ, ಮುಂದಿನ ಬಾರಿ ಬೇರೆ ಮಗುವಿನ, ಅಂದರೆ ತನ್ನೊಳಗಿನ ಬೇರೆ ಪೆಟ್ಟಿಗೆಯ, ಮೂಲಕ ತೊಂದರೆ ಕೊಡುತ್ತದೆ. ಆದ್ದರಿಂದ ಕೆಟ್ಟ ಜಾಗದಿಂದ ಹೊರಟು ಒಂದೊಂದೇ ಹಂತ ಮೇಲೇರುತ್ತಾ, ಪ್ರತಿ ಹಂತದಲ್ಲೂ ‘ಇದರ ಅಗಲವನ್ನು ಯಾರು ನಿರ್ಧರಿಸುತ್ತಿದ್ದಾರೆ?’ ಎಂದು ಕೇಳಿ. ಮುಂದೆ ಹೇಳುವುದೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಮೊದಲು ಎರಡು ಸಿದ್ಧತೆ ಮಾಡಿಕೊಳ್ಳಿ. ಜಾಲತಾಣದ ಒಂದು ಪ್ರತಿಯನ್ನು ಪರೀಕ್ಷೆಗೆಂದು ಬೇರೆ ಕಡೆ ಇರಿಸಿಕೊಳ್ಳಿ, ಜನ ಓದುತ್ತಿರುವ ಪುಟದ ಮೇಲೆ ಪ್ರಯೋಗ ಬೇಡ. ಆಮೇಲೆ ಆ ಪ್ರತಿಯಲ್ಲಿ ನೀವು ಈವರೆಗೆ ಸೇರಿಸಿದ ಹೆಚ್ಚುವರಿ ಸಿಎಸ್‌ಎಸ್ ಅನ್ನು ಪೂರ್ತಿ ತೆಗೆದು ಪಕ್ಕದ ಕಡತದಲ್ಲಿ ಉಳಿಸಿಡಿ. ತೇಪೆಗಳು ಇರುವವರೆಗೆ ಮೂಲ ರೋಗ ಯಾವುದು, ಮದ್ದಿನ ಅಡ್ಡ ಪರಿಣಾಮ ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲ. ಪುಟ ಇನ್ನಷ್ಟು ಕೆಟ್ಟು ಕಾಣಬಹುದು, ಅದಕ್ಕೆ ಹೆದರಬೇಡಿ.

ಪೆಟ್ಟಿಗೆಗಳನ್ನು ಕಣ್ಣಿಗೆ ಕಾಣುವಂತೆ ಮಾಡಿಕೊಳ್ಳಲು ಸುಲಭದ ದಾರಿ ಒಂದಿದೆ. ಪರೀಕ್ಷೆಯ ಪ್ರತಿಯಲ್ಲಿ ಎಲ್ಲ ಅಂಶಗಳಿಗೂ ಒಂದು ಪಿಕ್ಸೆಲ್ ದಪ್ಪದ ಕೆಂಪು ಔಟ್‌ಲೈನ್ ಕೊಡುವ ಒಂದೇ ಸಾಲಿನ ಸಿಎಸ್‌ಎಸ್ ಹಾಕಿ. ಬಾರ್ಡರ್ ಕೊಡಬೇಡಿ. ಬಾರ್ಡರ್ ತಾನೇ ಜಾಗ ತೆಗೆದುಕೊಂಡು ಅಳತೆ ಕೆಡಿಸುತ್ತದೆ, ಔಟ್‌ಲೈನ್ ಜಾಗ ತೆಗೆದುಕೊಳ್ಳುವುದಿಲ್ಲ. ಎಡಿಟರ್‌ನಲ್ಲಿ ಲಿಸ್ಟ್ ವ್ಯೂ (ಬ್ಲಾಕ್‌ಗಳನ್ನು ಒಳಹೊರಗಿನ ಕ್ರಮದಲ್ಲಿ ತೋರಿಸುವ ಪಟ್ಟಿ) ತೆರೆದಿಟ್ಟು ಅಲ್ಲಿಂದಲೇ ಆರಿಸಿ. ಪೆಟ್ಟಿಗೆಯೊಳಗಿನ ಪೆಟ್ಟಿಗೆಯನ್ನು ಮೌಸ್‌ನಿಂದ ಹಿಡಿಯಲು ಹೋದರೆ ಒಂದಲ್ಲ ಒಂದು ಸಲ ತಪ್ಪು ಪೆಟ್ಟಿಗೆಯನ್ನೇ ಹಿಡಿದು ಬದಲಿಸುತ್ತೇವೆ.

ಈಗ ಚಿತ್ರದ ವಿಷಯಕ್ಕೆ ಬರೋಣ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಇದು ಅರ್ಥವಾದರೆ ಬ್ಲಾಕ್ ಥೀಮ್‌ಗಳ ಅರ್ಧ ವಿನ್ಯಾಸವೇ ಅರ್ಥವಾದಂತೆ.

ಥೀಮ್‌ನ ‘ಥೀಮ್ ಡಾಟ್ ಜೇಸನ್’ ಕಡತದಲ್ಲಿ ಎರಡು ಅಗಲಗಳಿರುತ್ತವೆ: ಓದುವ ವಿಷಯದ ಸಾಮಾನ್ಯ ಅಗಲ ಒಂದು, ‘ವೈಡ್’ ಎಂಬ ದೊಡ್ಡ ಅಗಲ ಇನ್ನೊಂದು. ಈ ಕಡತದ ವ್ಯವಸ್ಥೆ ವರ್ಡ್‌ಪ್ರೆಸ್‌ನ 2021ರ 5.8ನೆಯ ಆವೃತ್ತಿಯಲ್ಲಿ ಬಂತು. 2022ರ ನವೆಂಬರ್‌ನಲ್ಲಿ ಬಂದ 6.1ನೆಯ ಆವೃತ್ತಿ ‘ಕನ್‌ಸ್ಟ್ರೈನ್ಡ್’ ಎಂಬ ವಿನ್ಯಾಸದ ಬಗೆಯನ್ನು ಸ್ಪಷ್ಟವಾಗಿ ಬೇರ್ಪಡಿಸಿತು. ಗ್ರೂಪ್ ಬ್ಲಾಕ್‌ನ ಸೆಟ್ಟಿಂಗ್‌ನಲ್ಲಿ ‘ಇನ್ನರ್ ಬ್ಲಾಕ್ಸ್ ಯೂಸ್ ಕಂಟೆಂಟ್ ವಿಡ್ತ್’ ಎಂಬ ಗುಂಡಿಯನ್ನು ಆನ್ ಮಾಡಿದರೆ ಆ ಗ್ರೂಪ್ ಕನ್‌ಸ್ಟ್ರೈನ್ಡ್ ಆಗುತ್ತದೆ, ಆಫ್ ಮಾಡಿದರೆ ‘ಫ್ಲೋ’ ಆಗುತ್ತದೆ. ಎರಡರ ವ್ಯತ್ಯಾಸ ಇಷ್ಟು: ಕನ್‌ಸ್ಟ್ರೈನ್ಡ್ ಗ್ರೂಪ್ ತನ್ನ ನೇರ ಮಕ್ಕಳನ್ನು ಸಾಮಾನ್ಯ ಅಗಲಕ್ಕೆ ಕಟ್ಟಿಹಾಕಿ ನಡುವೆ ನಿಲ್ಲಿಸುತ್ತದೆ; ಫ್ಲೋ ಗ್ರೂಪ್ ಮಕ್ಕಳಿಗೆ ತನ್ನಷ್ಟೇ ಅಗಲವನ್ನು ಬಿಟ್ಟುಕೊಡುತ್ತದೆ. ಕಟ್ಟುವುದು ನೇರ ಮಕ್ಕಳನ್ನು ಮಾತ್ರ, ಮೊಮ್ಮಕ್ಕಳನ್ನಲ್ಲ. ವೈಡ್ ಎಂದು ಗುರುತಾದ ಮಗುವಿಗೆ ದೊಡ್ಡ ಅಗಲದವರೆಗೆ ಬೆಳೆಯಲು ಅನುಮತಿಯಿದೆ, ಫುಲ್ ಎಂದು ಗುರುತಾದ ಮಗುವಿಗೆ ಮಿತಿಯೇ ಇಲ್ಲ.

ಆದರೆ ಮಿತಿಯಿಲ್ಲ ಎಂದರೆ ಪರದೆಯಷ್ಟು ಎಂದಲ್ಲ, ತನ್ನ ಹೆತ್ತ ಪೆಟ್ಟಿಗೆಯಷ್ಟು ಎಂದು. ನಿಮ್ಮ ಚಿತ್ರ ಸಿಕ್ಕಿಹಾಕಿಕೊಂಡಿರುವುದು ಇಲ್ಲಿಯೇ. ನಿಮ್ಮ ಟೆಂಪ್ಲೇಟ್‌ನಲ್ಲಿ ಹೊರಗಿನ ಗ್ರೂಪ್ ಕನ್‌ಸ್ಟ್ರೈನ್ಡ್ ಆಗಿರಬೇಕು. ಅದು ತನ್ನ ಮಗುವಾದ, ಪುಟದ ವಿಷಯ ಕೂರುವ ‘ಪೋಸ್ಟ್ ಕಂಟೆಂಟ್’ ಬ್ಲಾಕ್ ಅನ್ನು ಸಾಮಾನ್ಯ ಅಗಲಕ್ಕೆ ಕಟ್ಟಿದೆ. ಪುಟದಲ್ಲಿ ನೀವು ಸೇರಿಸುವ ಚಿತ್ರ ಆ ಪೋಸ್ಟ್ ಕಂಟೆಂಟ್‌ನ ಒಳಗಿದೆ. ನೀವು ಫುಲ್ ಎಂದು ಆರಿಸಿದಾಗ ಚಿತ್ರ ಪೋಸ್ಟ್ ಕಂಟೆಂಟ್ ಅನ್ನು ಪೂರ್ತಿ ತುಂಬುತ್ತದೆ. ಅದು ತನಗೆ ಹೇಳಿದ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ.

ಪರಿಹಾರಕ್ಕೆ ಸಿಎಸ್‌ಎಸ್ ಬೇಡ. ಸೈಟ್ ಎಡಿಟರ್‌ನಲ್ಲಿ ಆ ಟೆಂಪ್ಲೇಟ್ ತೆರೆಯಿರಿ, ಪೋಸ್ಟ್ ಕಂಟೆಂಟ್ ಬ್ಲಾಕ್ ಅನ್ನು ಹಿಡಿದು ಅದರ ಅಲೈನ್‌ಮೆಂಟ್ ಅನ್ನು ಫುಲ್ ಮಾಡಿ, ಅದರದ್ದೇ ‘ಇನ್ನರ್ ಬ್ಲಾಕ್ಸ್’ ಗುಂಡಿಯನ್ನು ಆನ್ ಆಗಿಯೇ ಇಡಿ. ಈಗ ಪೆಟ್ಟಿಗೆ ಪರದೆಯಷ್ಟು ಅಗಲವಾಗುತ್ತದೆ, ಒಳಗಿನ ಪ್ಯಾರಾಗಳು ಓದುವ ಅಗಲದಲ್ಲೇ ನಿಲ್ಲುತ್ತವೆ, ಫುಲ್ ಚಿತ್ರ ಮಾತ್ರ ಅಂಚಿಗೆ ಹೋಗುತ್ತದೆ. ಪೋಸ್ಟ್ ಕಂಟೆಂಟ್‌ನ ಮೇಲೆ ಇನ್ನೂ ಎರಡು ಗ್ರೂಪ್‌ಗಳಿದ್ದರೆ ಅವುಗಳಿಗೂ ಇದೇ ಅನ್ವಯಿಸುತ್ತದೆ. ಸರಪಳಿಯಲ್ಲಿ ಒಂದು ಗ್ರೂಪ್ ಕಿರಿದಾಗಿದ್ದರೂ ಅದರ ಕೆಳಗಿನದೆಲ್ಲ ಕಿರಿದೇ. ‘ನನಗೆ ಫುಲ್ ಆಯ್ಕೆಯೇ ಕಾಣುತ್ತಿಲ್ಲ’ ಎನ್ನುವವರೂ ಬಹಳ ಮಂದಿ. ಹಾಗಾದಾಗ ನೇರ ಮೇಲಿನ ಪೆಟ್ಟಿಗೆ ಫ್ಲೋ ಆಗಿದೆಯೇ ನೋಡಿ. ಆಗ ಮಗು ಹೇಗಿದ್ದರೂ ಪೆಟ್ಟಿಗೆಯನ್ನು ತುಂಬುತ್ತದೆಯಾದ್ದರಿಂದ ಆಯ್ಕೆ ಕೊಡುವ ಅಗತ್ಯ ಎಡಿಟರ್‌ಗೆ ಕಾಣುವುದಿಲ್ಲ.

ಇಷ್ಟು ಮಾಡಿದ ಮೇಲೂ ಎರಡೂ ಬದಿ ತೆಳ್ಳನೆಯ ಅಂತರ ಉಳಿದರೆ ಅದು ಪುಟದ ಮೂಲ ಪ್ಯಾಡಿಂಗ್, ಅಂದರೆ ಅಂಚಿನ ಒಳಬದಿಗೆ ಬಿಟ್ಟ ಜಾಗ. ಈಗಿನ ಬಹಳಷ್ಟು ಬ್ಲಾಕ್ ಥೀಮ್‌ಗಳಲ್ಲಿ ಈ ಪ್ಯಾಡಿಂಗ್ ಅನ್ನು ಕನ್‌ಸ್ಟ್ರೈನ್ಡ್ ಪೆಟ್ಟಿಗೆ ಹೊತ್ತುಕೊಂಡಿರುತ್ತದೆ, ಅದರ ನೇರ ಮಗು ಫುಲ್ ಆಗಿದ್ದರೆ ಋಣ ಮಾರ್ಜಿನ್ (ಸೊನ್ನೆಗಿಂತ ಕಡಿಮೆಯ ಹೊರ ಅಂತರ) ಕೊಟ್ಟು ಅದನ್ನು ಅಂಚಿಗೆ ಎಳೆಯುತ್ತದೆ. ನಡುವೆ ಒಂದು ಫ್ಲೋ ಗ್ರೂಪ್ ಸೇರಿಕೊಂಡರೆ ಈ ಎಳೆತ ಒಳಗಿನವರಿಗೆ ತಲಪುವುದಿಲ್ಲ. ಮದ್ದು ಮತ್ತೆ ಅದೇ: ನಡುವಿನ ಗ್ರೂಪ್ ಅನ್ನು ಫುಲ್ ಮಾಡಿ, ಇಲ್ಲವೇ ಅದು ಅಲ್ಲಿ ಏಕಿದೆ ಎಂದು ಕೇಳಿ ತೆಗೆದುಬಿಡಿ.

ಈ ತೊಂದರೆಗೆ ಜಾಲದಲ್ಲೆಲ್ಲ ಸಿಗುವ ಒಂದು ಸಿಎಸ್‌ಎಸ್ ಉಪಾಯವಿದೆ: ಚಿತ್ರದ ಅಗಲವನ್ನು 100 ವಿಡಬ್ಲ್ಯೂ, ಅಂದರೆ ವ್ಯೂಪೋರ್ಟ್‌ನ (ಪುಟ ಕಾಣುವ ಕಿಟಕಿಯ) ಪೂರ್ತಿ ಅಗಲ ಮಾಡಿ, ಎಡಕ್ಕೆ ಋಣ ಮಾರ್ಜಿನ್ ಕೊಡುವುದು. ನಿಮ್ಮ ತೇಪೆಗಳಲ್ಲಿ ಇದು ಇದ್ದರೆ ತೆಗೆಯಿರಿ ಎಂದು ಒತ್ತಿ ಹೇಳುತ್ತೇನೆ. 100 ವಿಡಬ್ಲ್ಯೂ ಲೆಕ್ಕದಲ್ಲಿ ಸ್ಕ್ರಾಲ್ ಪಟ್ಟಿಯ ಜಾಗವೂ ಸೇರಿರುತ್ತದೆ. ಸ್ಕ್ರಾಲ್ ಪಟ್ಟಿ ಸದಾ ಕಾಣುವ ಕಂಪ್ಯೂಟರ್‌ಗಳಲ್ಲಿ ಪುಟ ಅಷ್ಟರಮಟ್ಟಿಗೆ ಅಗಲವಾಗಿ ಅಡ್ಡ ಸ್ಕ್ರಾಲ್ ಹುಟ್ಟುತ್ತದೆ. ಅದನ್ನು ಮುಚ್ಚಲು ಹೊರಗಿನ ಪೆಟ್ಟಿಗೆಗೆ, ಹೊರಚೆಲ್ಲಿದ್ದನ್ನು ಮರೆಮಾಡುವ ‘ಓವರ್‌ಫ್ಲೋ ಹಿಡನ್’ ಹಾಕುತ್ತಾರೆ. ಆಗ ಒಳಗೆಲ್ಲೋ ‘ಸ್ಟಿಕಿ’ (ಸ್ಕ್ರಾಲ್ ಮಾಡಿದರೂ ಕಣ್ಣಮುಂದೆ ಅಂಟಿ ನಿಲ್ಲುವಂತೆ) ಮಾಡಿಟ್ಟಿದ್ದ ಪರಿವಿಡಿ ಅಂಟಿಕೊಳ್ಳುವುದನ್ನು ನಿಲ್ಲಿಸುತ್ತದೆ, ಏಕೆಂದರೆ ಓವರ್‌ಫ್ಲೋ ಹಿಡನ್ ಆದ ಪೆಟ್ಟಿಗೆ ತಾನೇ ಒಂದು ಸ್ಕ್ರಾಲ್ ಪೆಟ್ಟಿಗೆಯಾಗುತ್ತದೆ, ಸ್ಟಿಕಿ ಅಂಶ ಪರದೆಯನ್ನು ಬಿಟ್ಟು ಅದಕ್ಕೆ ಅಂಟಲು ನೋಡುತ್ತದೆ. ಒಂದು ತೇಪೆ ಮೂರು ತೊಂದರೆಯಾಗುವುದು ಹೀಗೆ. ಹೊರಗೆ ಚೆಲ್ಲುವುದನ್ನು ಕತ್ತರಿಸಲೇಬೇಕಾದ ಸಂದರ್ಭವಿದ್ದರೆ ‘ಓವರ್‌ಫ್ಲೋ ಕ್ಲಿಪ್’ ಬಳಸಿ, ಅದು ಸ್ಕ್ರಾಲ್ ಪೆಟ್ಟಿಗೆಯನ್ನು ಸೃಷ್ಟಿಸುವುದಿಲ್ಲ.

ಸ್ಟಿಕಿಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಅಂಟುವ ಅಂಶ ತನ್ನ ಹೆತ್ತ ಪೆಟ್ಟಿಗೆಯ ಗಡಿಯೊಳಗೆ ಮಾತ್ರ ಓಡಾಡಬಲ್ಲದು. ಕಾಲಮ್‌ಗೆ ‘ಅಲೈನ್ ಟಾಪ್’ ಕೊಟ್ಟರೆ ಆ ಕಾಲಮ್‌ನ ಎತ್ತರ ಒಳಗಿನ ವಿಷಯದಷ್ಟಕ್ಕೇ ಕುಗ್ಗುತ್ತದೆ, ಅಂಟುವುದಕ್ಕೆ ಅಲ್ಲಿ ಜಾಗವೇ ಉಳಿಯುವುದಿಲ್ಲ. ಅಲೈನ್‌ಮೆಂಟ್ ತೆಗೆದರೆ ಕಾಲಮ್ ಪಕ್ಕದ ಕಾಲಮ್‌ನಷ್ಟೇ ಎತ್ತರಕ್ಕೆ ಹಿಗ್ಗುತ್ತದೆ, ಪರಿವಿಡಿ ಮತ್ತೆ ಅಂಟುತ್ತದೆ.

ಟ್ಯಾಬ್ಲೆಟ್‌ನ ತೊಂದರೆ ಬೇರೆ ಬಗೆಯದು. ವರ್ಡ್‌ಪ್ರೆಸ್‌ನ ಕಾಲಮ್ಸ್ ಬ್ಲಾಕ್ ಒಂದರ ಕೆಳಗೊಂದಾಗಿ ಬೀಳುವುದು ವ್ಯೂಪೋರ್ಟ್ 781 ಪಿಕ್ಸೆಲ್ ಅಥವಾ ಅದಕ್ಕಿಂತ ಕಿರಿದಾದಾಗ. ಆ ನಿಯಮ ನೋಡುವುದು ವ್ಯೂಪೋರ್ಟ್ ಅನ್ನು, ತನಗೆ ಸಿಕ್ಕಿರುವ ಜಾಗವನ್ನಲ್ಲ. ಲೆಕ್ಕ ಹಾಕಿ ನೋಡಿ. 1024 ಪಿಕ್ಸೆಲ್ ಅಗಲದ ಟ್ಯಾಬ್ಲೆಟ್‌ನಲ್ಲಿ ವಿಷಯಕ್ಕೆ 960 ಪಿಕ್ಸೆಲ್ ಸಿಕ್ಕಿತು, ಕಾಲಮ್‌ಗಳ ನಡುವಿನ ಅಂತರ 24 ಪಿಕ್ಸೆಲ್ ಎಂದುಕೊಳ್ಳಿ. ಮೂರು ಕಾಲಮ್ ಮಾಡಿದರೆ ಒಂದೊಂದಕ್ಕೆ 304. ಅದರೊಳಗೆ ಮತ್ತೆ ಮೂರು ಮಾಡಿದರೆ ಒಂದೊಂದಕ್ಕೆ ಸುಮಾರು 85. ಕನ್ನಡದ ಉದ್ದ ಪದವೊಂದು 85 ಪಿಕ್ಸೆಲ್‌ನಲ್ಲಿ ಹಿಡಿಯುವುದಿಲ್ಲ, ನಡುವೆಯೇ ತುಂಡಾಗುತ್ತದೆ. ಆದರೂ ವ್ಯೂಪೋರ್ಟ್ 781ಕ್ಕಿಂತ ದೊಡ್ಡದಾದ್ದರಿಂದ ಒಳಗಿನ ಕಾಲಮ್‌ಗಳಿಗೆ ಕೆಳಗೆ ಬೀಳಬೇಕೆಂದು ಗೊತ್ತಾಗುವುದೇ ಇಲ್ಲ.

ಆದ್ದರಿಂದ ಕಾಲಮ್‌ನೊಳಗೆ ಕಾಲಮ್ ಇಡುವುದನ್ನು ನಾನು ಒಪ್ಪುವುದಿಲ್ಲ. ಹೊರಗೆ ಕಾಲಮ್ಸ್ ಇರಲಿ, ಒಳಗೆ ಗ್ರಿಡ್, ಅಂದರೆ ಚೌಕಳಿ ಜೋಡಣೆ ಬಳಸಿ. ಗ್ರೂಪ್ ಬ್ಲಾಕ್‌ನ ಗ್ರಿಡ್ ರೂಪ 2024ರ ಜುಲೈನಲ್ಲಿ ಬಂದ 6.6ನೆಯ ಆವೃತ್ತಿಯಿಂದ ಎಲ್ಲರಿಗೂ ಸಿಗುತ್ತಿದೆ. ಅದರಲ್ಲಿ ‘ಆಟೋ’ ಆರಿಸಿ ಒಂದು ಕಾಲಮ್‌ನ ಕನಿಷ್ಠ ಅಗಲ ಎಷ್ಟಿರಬೇಕೆಂದು ಹೇಳಿದರೆ ಸಾಕು. ಕನಿಷ್ಠ 12 ರೆಮ್, ಅಂದರೆ ಸಾಮಾನ್ಯ ಅಕ್ಷರಗಾತ್ರದಲ್ಲಿ 192 ಪಿಕ್ಸೆಲ್ ಎಂದು ಕೊಟ್ಟರೆ, 304ರ ಜಾಗದಲ್ಲಿ ಎರಡು ಹಿಡಿಯುವುದಿಲ್ಲವೆಂದು ಗ್ರಿಡ್ ತಾನೇ ತಿಳಿದು ಒಂದೇ ಸಾಲಾಗಿ ಇಡುತ್ತದೆ. ಅದೇ ಗ್ರಿಡ್ ಅನ್ನು ಅಗಲದ ಪುಟಕ್ಕೆ ಒಯ್ದರೆ ತಾನೇ ಮೂರು ನಾಲ್ಕು ಕಾಲಮ್ ಮಾಡಿಕೊಳ್ಳುತ್ತದೆ. ಜಾಗವನ್ನು ನೋಡಿ ನಡೆಯುವ ವಿನ್ಯಾಸವನ್ನು ಎಷ್ಟು ಆಳದಲ್ಲಿಟ್ಟರೂ ಕೆಡುವುದಿಲ್ಲ. ನಿಮ್ಮ ಪುಟಗಳಲ್ಲಿ ಇದೊಂದು ಬದಲಾವಣೆಯಿಂದ ಆಗುವ ಲಾಭವೇ ದೊಡ್ಡದು.

ಕೈಯಾರೆ ಸಿಎಸ್‌ಎಸ್ ಬರೆದು ಫ್ಲೆಕ್ಸ್ (ಮಕ್ಕಳನ್ನು ಸಾಲಾಗಿ ಜೋಡಿಸುವ ಬಗೆ) ಅಥವಾ ಗ್ರಿಡ್ ಪೆಟ್ಟಿಗೆ ಮಾಡಿದ್ದರೆ ಇನ್ನೊಂದು ಹಳ್ಳ ಕಾದಿರುತ್ತದೆ. ಫ್ಲೆಕ್ಸ್‌ನ ಮಗು ತನ್ನೊಳಗಿನ ಅತಿ ಉದ್ದದ ಪದಕ್ಕಿಂತ, ಕೊಂಡಿಗಿಂತ, ಕೋಷ್ಟಕಕ್ಕಿಂತ ಕಿರಿದಾಗಲು ಒಪ್ಪುವುದಿಲ್ಲ. ಒಂದು ಉದ್ದದ ವಿಳಾಸ ಇಡೀ ಪುಟವನ್ನು ಹಿಗ್ಗಿಸಿಬಿಡುತ್ತದೆ. ಆ ಮಗುವಿಗೆ ‘ಮಿನ್ ವಿಡ್ತ್’ ಸೊನ್ನೆ ಎಂದು ಕೊಟ್ಟರೆ ಸರಿಹೋಗುತ್ತದೆ. ವರ್ಡ್‌ಪ್ರೆಸ್‌ನ ಸ್ವಂತ ಕಾಲಮ್ ಬ್ಲಾಕ್‌ಗೆ ಇದು ಮೊದಲೇ ಇರುತ್ತದೆ.

ಇನ್ನು ಫೂಟರ್. ಎಡಿಟರ್‌ನಲ್ಲಿ ಸರಿ, ಪ್ರಕಟವಾದ ಪುಟದಲ್ಲಿ ಮಾತ್ರ ತಪ್ಪು ಎಂದ ಕೂಡಲೇ ನನ್ನ ಅನುಮಾನ ಹೋಗುವುದು, ಪುಟದ ಸಂಕೇತವನ್ನು ಕೈಯಾರೆ ಹಾಕುವ ‘ಕಸ್ಟಮ್ ಎಚ್‌ಟಿಎಂಎಲ್’ ಬ್ಲಾಕ್‌ನ ಕಡೆಗೆ. ಯಾರೋ ಎಲ್ಲಿಂದಲೋ ತಂದು ಅಂಟಿಸಿದ ತುಣುಕಿನಲ್ಲಿ ಪೆಟ್ಟಿಗೆ ಮಾಡುವ ‘ಡಿವ್’ ಎಂಬ ಟ್ಯಾಗ್ (ಗುರುತು) ಒಂದು ತೆರೆದಿದೆ, ಮುಚ್ಚಿಲ್ಲ. ಎಡಿಟರ್ ಪ್ರತಿಯೊಂದು ಬ್ಲಾಕ್ ಅನ್ನು ಬೇರೆ ಬೇರೆಯಾಗಿ ಬಿಡಿಸುವುದರಿಂದ ಅದರ ಪರಿಣಾಮ ಆ ಬ್ಲಾಕ್‌ನೊಳಗೇ ಮುಗಿಯುತ್ತದೆ. ಪ್ರಕಟವಾದ ಪುಟದಲ್ಲಿ ಎಲ್ಲ ತುಣುಕುಗಳೂ ಒಂದೇ ಪಠ್ಯವಾಗಿ ಸೇರುತ್ತವೆ. ಆಗ ಮುಚ್ಚದ ಡಿವ್ ಮುಂದಿನ ಮುಚ್ಚುವ ಟ್ಯಾಗ್ ಅನ್ನು ಕಬಳಿಸುತ್ತದೆ, ಕಾಲಮ್‌ನ ಟ್ಯಾಗ್ ಗ್ರೂಪ್‌ನದ್ದನ್ನು ಕಬಳಿಸುತ್ತದೆ, ಹೀಗೆ ಜಾರುತ್ತಾ ಹೋಗಿ ಫೂಟರ್ ಕಾಲಮ್‌ನೊಳಗೆ ಕೂರುತ್ತದೆ. ಒಂದು ಮುಚ್ಚುವ ಟ್ಯಾಗ್ ಹೆಚ್ಚಾದರೆ ಇದರ ವಿರುದ್ಧ: ಪೆಟ್ಟಿಗೆ ಬೇಗ ಮುಚ್ಚಿ, ಒಳಗಿರಬೇಕಾದದ್ದು ಹೊರಗೆ ಬೀಳುತ್ತದೆ.

ಇದನ್ನು ಹುಡುಕುವಾಗ ಬ್ರೌಸರ್‌ನ ‘ಇನ್‌ಸ್ಪೆಕ್ಟ್’ ನಂಬಿ ಕೂರಬೇಡಿ. ಅದು ತೋರಿಸುವುದು ಬ್ರೌಸರ್ ತನ್ನ ಪಾಡಿಗೆ ತಿದ್ದಿಕೊಂಡ ಮರವನ್ನು. ಅದರಲ್ಲಿ ಎಲ್ಲ ಟ್ಯಾಗ್‌ಗಳೂ ಅಚ್ಚುಕಟ್ಟಾಗಿ ಮುಚ್ಚಿರುತ್ತವೆ, ತಪ್ಪು ಕಣ್ಣಿಗೆ ಬೀಳುವುದಿಲ್ಲ. ಪುಟದ ಮೂಲ ಪಠ್ಯವನ್ನು ತೆರೆದು ಜಾಲದ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಎಚ್‌ಟಿಎಂಎಲ್ ಪರೀಕ್ಷಕಕ್ಕೆ ಕೊಡಿ, ಮುಚ್ಚದ ಟ್ಯಾಗ್ ಯಾವ ಸಾಲಿನಲ್ಲಿದೆ ಎಂದು ಅದು ಹೇಳುತ್ತದೆ. ಅಲ್ಲೂ ಸಿಗದಿದ್ದರೆ ಪುಟದ ನಕಲು ಮಾಡಿ ಅರ್ಧ ಬ್ಲಾಕ್‌ಗಳನ್ನು ಅಳಿಸಿ ನೋಡಿ. ಫೂಟರ್ ಸರಿಹೋದರೆ ತಪ್ಪು ಅಳಿಸಿದ ಅರ್ಧದಲ್ಲಿದೆ, ಸರಿಹೋಗದಿದ್ದರೆ ಉಳಿದದ್ದರಲ್ಲಿದೆ. ನೂರು ಬ್ಲಾಕ್‌ಗಳಿದ್ದರೂ ಏಳು ಸಲಕ್ಕೆ ಉತ್ತರ ಸಿಗುತ್ತದೆ.

ನಿಮ್ಮ ಹಳೆಯ ಪುಟಗಳಲ್ಲಿ ಶಾರ್ಟ್‌ಕೋಡ್‌ನಿಂದ (ಚೌಕ ಆವರಣದೊಳಗಿನ ಕಿರು ಆಜ್ಞೆಯಿಂದ) ಮಾಡಿದ ಕಾಲಮ್‌ಗಳು ಉಳಿದಿದ್ದರೆ ಅಲ್ಲಿಯೂ ನೋಡಿ. ಒಂದು ಶಾರ್ಟ್‌ಕೋಡ್‌ನೊಳಗೆ ಅದೇ ಹೆಸರಿನ ಶಾರ್ಟ್‌ಕೋಡ್ ಇಟ್ಟರೆ ವರ್ಡ್‌ಪ್ರೆಸ್‌ನ ಪಾರ್ಸರ್‌ಗೆ ಅರ್ಥವಾಗುವುದಿಲ್ಲ. ಒಳಗಿನದರ ಮುಚ್ಚುವ ಗುರುತನ್ನೇ ಹೊರಗಿನದರದ್ದೆಂದು ತಿಳಿಯುತ್ತದೆ. ಇದಕ್ಕೆ ತೇಪೆಯಿಲ್ಲ, ಆ ಭಾಗವನ್ನು ಬ್ಲಾಕ್‌ಗಳಾಗಿ ಬದಲಿಸಿ.

ಹೀಗೆ ತಿದ್ದುವಾಗ ‘ಈ ಬ್ಲಾಕ್‌ನಲ್ಲಿ ಅನಿರೀಕ್ಷಿತ ವಿಷಯವಿದೆ’ ಎಂಬ ಅರ್ಥದ ಎಚ್ಚರಿಕೆ ಬರಬಹುದು. ‘ಅಟೆಂಪ್ಟ್ ರಿಕವರಿ’ ಒತ್ತುವ ಮುನ್ನ ಕೋಡ್ ಎಡಿಟರ್‌ಗೆ ಹೋಗಿ ಪುಟದ ಪೂರ್ತಿ ಪಠ್ಯವನ್ನು ಬೇರೆ ಕಡೆ ನಕಲು ಮಾಡಿಡಿ. ರಿಕವರಿ ಆ ಬ್ಲಾಕ್ ಅನ್ನು ಹೊಸದಾಗಿ ಬರೆಯುತ್ತದೆ, ನೀವು ಕೈಯಿಂದ ಸೇರಿಸಿದ್ದು ಅದರಲ್ಲಿ ಉಳಿಯದೇ ಹೋಗಬಹುದು.

ಎಷ್ಟು ತಿದ್ದಿದರೂ ಏನೂ ಬದಲಾಗದಿದ್ದರೆ ನೀವು ತಿದ್ದುತ್ತಿರುವುದು ಪುಟ ನಿಜವಾಗಿ ಬಳಸುತ್ತಿರುವ ಟೆಂಪ್ಲೇಟ್ ಅನ್ನೇ ಎಂದು ಖಚಿತಪಡಿಸಿಕೊಳ್ಳಿ. ಸೈಟ್ ಎಡಿಟರ್‌ನಲ್ಲಿ ಒಮ್ಮೆ ಉಳಿಸಿದ ಟೆಂಪ್ಲೇಟ್ ಡೇಟಾಬೇಸ್‌ಗೆ ಹೋಗುತ್ತದೆ, ಆಮೇಲೆ ಅದೇ ಗೆಲ್ಲುತ್ತದೆ. ಥೀಮ್ ಕಡತವನ್ನು ಡೆವಲಪರ್ ಎಷ್ಟು ಸಲ ಬದಲಿಸಿದರೂ ಪುಟ ಅಲುಗುವುದಿಲ್ಲ. ಟೆಂಪ್ಲೇಟ್‌ನ ಮೆನುವಿನಲ್ಲಿ ‘ರೀಸೆಟ್’ ಮಾಡಿದರೆ ಕಡತದ ರೂಪ ಮರಳುತ್ತದೆ, ಎಡಿಟರ್‌ನಲ್ಲಿ ಮಾಡಿದ ಬದಲಾವಣೆಗಳು ಹೋಗುತ್ತವೆ. ಎರಡು ಕೈಗಳು ಎರಡು ಕಡೆ ತಿದ್ದುವುದು ಬೇಡ. ಕಡತದಲ್ಲೋ ಎಡಿಟರ್‌ನಲ್ಲೋ ಎಂದು ನಿಮ್ಮ ತಂಡ ಈಗಲೇ ತೀರ್ಮಾನಿಸಲಿ. ಲಿಸ್ಟ್ ವ್ಯೂನಲ್ಲಿ ನೇರಳೆ ಬಣ್ಣದಲ್ಲಿ ಕಾಣುವ ಸಿಂಕ್ ಆದ ಪ್ಯಾಟರ್ನ್‌ಗಳ (ಹಲವು ಪುಟಗಳು ಹಂಚಿಕೊಳ್ಳುವ ಸಿದ್ಧ ಬ್ಲಾಕ್ ಗುಂಪುಗಳ) ಬಗ್ಗೆಯೂ ಎಚ್ಚರ ಬೇಕು. ಒಂದು ಪುಟದಲ್ಲಿ ತಿದ್ದಿದರೆ ಅದನ್ನು ಬಳಸಿದ ಎಲ್ಲ ಪುಟಗಳೂ ಬದಲಾಗುತ್ತವೆ.

ಹೆಡರ್ ಮತ್ತು ಮುಖ್ಯ ಭಾಗದ ನಡುವೆ ಕಾರಣವಿಲ್ಲದೆ ಬಿಳಿ ಪಟ್ಟಿಯೊಂದು ಕಾಣುತ್ತಿದ್ದರೆ ಅದು ಥೀಮ್‌ನ ‘ಬ್ಲಾಕ್ ಸ್ಪೇಸಿಂಗ್’, ಅಂದರೆ ಬ್ಲಾಕ್‌ಗಳ ನಡುವಿನ ನಿಗದಿತ ಅಂತರ. ಮುಖ್ಯ ಗ್ರೂಪ್‌ನ ಮೇಲಿನ ಮಾರ್ಜಿನ್ ಅನ್ನು ಸೊನ್ನೆ ಮಾಡಿ, ಅಷ್ಟೇ ಸಾಕು.

ಕೊನೆಗೆ ಆಳವನ್ನು ಕಡಿಮೆ ಮಾಡುವ ಕೆಲಸ. ಇದನ್ನು ಮೂರೂ ತೊಂದರೆ ತೀರಿದ ಮೇಲೆ ಮಾಡಿ, ಜೊತೆಜೊತೆಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಲಿಸ್ಟ್ ವ್ಯೂನಲ್ಲಿ ಪ್ರತಿ ಗ್ರೂಪ್ ಮುಂದೆ ನಿಂತು ನೋಡಿ: ಇದಕ್ಕೆ ಹಿನ್ನೆಲೆ ಬಣ್ಣವಿದೆಯೇ, ಪ್ಯಾಡಿಂಗ್ ಇದೆಯೇ, ಮಕ್ಕಳ ಅಗಲವನ್ನೋ ಅಂತರವನ್ನೋ ಇದು ನಿರ್ಧರಿಸುತ್ತಿದೆಯೇ, ಇದರ ಟ್ಯಾಗ್‌ಗೆ ಅರ್ಥವಿದೆಯೇ? ಎಲ್ಲಕ್ಕೂ ಇಲ್ಲವೆಂದರೆ ‘ಅನ್‌ಗ್ರೂಪ್’ ಮಾಡಿ. ಪುಟಗಳ ಗುಣಮಟ್ಟ ಅಳೆಯುವ ಗೂಗಲ್‌ನ ಲೈಟ್‌ಹೌಸ್ ಸಾಧನ ಪುಟದ ಅಂಶಗಳ ಸಂಖ್ಯೆಗೆ ಎಚ್ಚರಿಕೆಯ ಮಿತಿಯಾಗಿ ಸುಮಾರು 800ನ್ನೂ ತಪ್ಪೆಂದು ತೋರಿಸಲು ಸುಮಾರು 1400ನ್ನೂ ಬಹಳ ಕಾಲ ಬಳಸುತ್ತಿತ್ತು. ಗ್ರೂಪ್‌ನೊಳಗೆ ಗ್ರೂಪ್ ಪೇರಿಸಿದ ಪುಟ ಈ ಮಿತಿಗಳನ್ನು ಬಹಳ ಬೇಗ ದಾಟುತ್ತದೆ, ದುರ್ಬಲ ಫೋನ್‌ಗಳಲ್ಲಿ ಅದರ ಭಾರ ಗೊತ್ತಾಗುತ್ತದೆ.

ಟ್ಯಾಗ್‌ನ ಅರ್ಥದ ಬಗ್ಗೆ ನನಗೆ ವಿಶೇಷ ಕಾಳಜಿಯಿದೆ, ಏಕೆಂದರೆ ಅದು ಕಣ್ಣಿನಿಂದ ಓದುವವರಿಗೆ ಕಾಣುವುದೇ ಇಲ್ಲ. ಟೆಂಪ್ಲೇಟ್‌ನ ಗ್ರೂಪ್ ‘ಮೇನ್’ ಆಗಿದ್ದು, ಪುಟದೊಳಗೆ ಅಂಟಿಸಿದ ಪ್ಯಾಟರ್ನ್‌ನಲ್ಲೂ ಇನ್ನೊಂದು ‘ಮೇನ್’ ಇದ್ದರೆ, ಪುಟವನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರು ಮುಖ್ಯ ವಿಷಯಕ್ಕೆ ಜಿಗಿಯಲು ಹೋಗಿ ದಾರಿ ತಪ್ಪುತ್ತಾರೆ. ಪುಟಕ್ಕೆ ಒಂದೇ ಮೇನ್ ಇರಲಿ. ಹಾಗೆಯೇ ಕಾಲಮ್‌ಗಳ ಕ್ರಮವನ್ನು ಸಿಎಸ್‌ಎಸ್‌ನಿಂದ ತಿರುಗಿಸಿದ್ದರೆ ಅದನ್ನೂ ಬಿಡಿ. ಕಣ್ಣಿಗೆ ಕಾಣುವ ಕ್ರಮ ಒಂದು, ಕಿವಿಗೆ ಕೇಳುವ ಕ್ರಮ ಇನ್ನೊಂದು ಆಗಬಾರದು. ಲಿಸ್ಟ್ ವ್ಯೂನಲ್ಲೇ ಎಳೆದು ನಿಜವಾದ ಕ್ರಮವನ್ನು ಬದಲಿಸಿ.

ನಿಮ್ಮ ವಿಷಯದಲ್ಲಿ ನಾನು ಹಿಡಿಯುವ ಕ್ರಮ: ಮೊದಲು ಫೂಟರ್, ಏಕೆಂದರೆ ಮುಚ್ಚದ ಟ್ಯಾಗ್ ಇರುವವರೆಗೆ ಆ ಪುಟಗಳಲ್ಲಿ ಬೇರಾವ ಅಳತೆಯನ್ನೂ ನಂಬುವಂತಿಲ್ಲ. ಆಮೇಲೆ ಟೆಂಪ್ಲೇಟ್‌ನ ಪೋಸ್ಟ್ ಕಂಟೆಂಟ್, ಅದನ್ನು ಒಮ್ಮೆ ಸರಿಪಡಿಸಿದರೆ ಆ ಟೆಂಪ್ಲೇಟ್ ಬಳಸುವ ಎಲ್ಲ ಪುಟಗಳೂ ಸರಿಹೋಗುತ್ತವೆ. ಒಳಗಿನ ಕಾಲಮ್‌ಗಳನ್ನು ಗ್ರಿಡ್‌ಗೆ ಬದಲಿಸುವುದು ಪುಟಪುಟಕ್ಕೂ ಮಾಡಬೇಕಾದ ಕೆಲಸ, ಹೆಚ್ಚು ಓದುವ ಪುಟಗಳಿಂದ ಆರಂಭಿಸಿ. ಪಕ್ಕಕ್ಕಿಟ್ಟ ಹಳೆಯ ಸಿಎಸ್‌ಎಸ್ ಕಡತವನ್ನು ಆಗ ತೆರೆದು, ಇನ್ನೂ ಬೇಕೆನಿಸುವ ಸಾಲುಗಳನ್ನು ಮಾತ್ರ ಒಂದೊಂದಾಗಿ ಮರಳಿ ಸೇರಿಸಿ. ಪ್ರತಿ ಸಾಲು ಸೇರಿಸಿದ ಮೇಲೆ ಬ್ರೌಸರ್ ಕಿಟಕಿಯನ್ನು ಅತಿ ಅಗಲದಿಂದ ಅತಿ ಕಿರಿದಾಗುವವರೆಗೆ ನಿಧಾನವಾಗಿ ಎಳೆದು ನೋಡಿ. ಕಾಲಮ್‌ಗಳು ಕೆಳಗೆ ಬೀಳುವ 781–782 ಪಿಕ್ಸೆಲ್‌ನ ಆಸುಪಾಸಿನಲ್ಲಿ ಎರಡು ಸಲ ನೋಡಿ.